ಜಯಕ್ಕನ ಮೂರನೇ ಕುಂಡ

ಬೇರೆ ಬೀದಿಯವರು ಮನೆಗೆ ಬಂದರೆ ನಾವು ಅರ್ಧ ಲೋಟ ನೀರು ಕೊಡುತ್ತೇವೆ. ಅದು ಜಿಪುಣತನವಲ್ಲ, ಮರ್ಯಾದೆ. ತುಂಬಿದ ಲೋಟ ಕೊಟ್ಟರೆ ಬಂದವರು ಅದನ್ನು ತಮ್ಮ ಬೀದಿಯ ಅಭ್ಯಾಸದಂತೆ ಹಿಡಿದು ಮೈಮೇಲೆ ಸುರಿದುಕೊಳ್ಳುತ್ತಾರೆ, ಆಮೇಲೆ ನಾವು ನೋಡದವರ ಹಾಗೆ ಮುಖ ತಿರುಗಿಸಿಕೊಳ್ಳಬೇಕಾಗುತ್ತದೆ. ತುಂಬಿದ ಲೋಟ ಏನಿದ್ದರೂ ಮನೆಯವರಿಗೆ. ನಮ್ಮ ಊರಿನಲ್ಲಿ ಯಾರಿಗೆ ಯಾರು ಎಷ್ಟು ಹತ್ತಿರ ಎಂದು ತಿಳಿಯಬೇಕಾದರೆ ಅವರು ಕೊಟ್ಟ ಲೋಟದಲ್ಲಿ ನೀರು ಎಲ್ಲಿಯವರೆಗೆ ಇದೆ ಎಂದು ನೋಡಿದರೆ ಸಾಕು.

ನಮ್ಮದು ಕೆರೆ ಬೀದಿ. ಇಲ್ಲಿ ಭಾರ ಕೆರೆಯ ಕಡೆಗೆ ಎಳೆಯುತ್ತದೆ. ಕೈಜಾರಿದ ನಿಂಬೆಹಣ್ಣು ನೆಟ್ಟಗೆ ಬೀಳದೆ ಕೆರೆಯ ಕಡೆಗೆ ಓರೆಯಾಗಿ ಬಿದ್ದು, ಹಿತ್ತಿಲ ಬಾಗಿಲು ದಾಟಿ ಉರುಳಿಹೋಗುತ್ತದೆ. ಆದ್ದರಿಂದ ನಾವು ಗುಡ್ಡದ ಕಡೆಗೆ ವಾಲಿ ನಿಲ್ಲುತ್ತೇವೆ. ಸಂತೆ ಮೈದಾನದ ಆಚೆಗೆ ಗುಡ್ಡದ ಬೀದಿ. ಅಲ್ಲಿ ಭಾರ ಗುಡ್ಡದ ಕಡೆಗಿದೆ, ಜನ ಕೆರೆಯ ಕಡೆಗೆ ವಾಲಿರುತ್ತಾರೆ. ನೆಲ ಎರಡು ಕಡೆಯೂ ಸಮವಾಗಿಯೇ ಇದೆ. ಗೋಡೆಗಳನ್ನು ಕಟ್ಟಿದವರೂ ಒಂದೇ ಮನೆತನದ ಗಾರೆಯವರು. ಮೈದಾನದ ನಡುವೆ ಒಂದು ಕಲ್ಲುಕಂಬ ಇದೆ. ಆಚೆ ಹೋಗುವವರು, ಈಚೆ ಬರುವವರು ಎಲ್ಲರೂ ಅದನ್ನು ಹಿಡಿದು, ಹೊಟ್ಟೆಯೊಳಗಿನದೆಲ್ಲ ತನ್ನ ತನ್ನ ಜಾಗಕ್ಕೆ ಬರುವ ತನಕ ನಿಂತು ಮುಂದೆ ಹೋಗುತ್ತಾರೆ. ಕೈಯ ಎತ್ತರದಲ್ಲಿ ಕಂಬ ಸವೆದು ಸೊಂಟದ ಹಾಗಾಗಿದೆ.

ಶಾಲೆ ಇರುವುದು ಗುಡ್ಡದ ಬೀದಿಯಲ್ಲಿ. ನಾನು ಆರನೇ ಕ್ಲಾಸಿನ ನಡುವೆ ಬಿಟ್ಟೆ. ಪಾಠ ತಿಳಿಯಲಿಲ್ಲವೆಂದಲ್ಲ, ನಿಲ್ಲುವುದಕ್ಕೆ ಬರಲಿಲ್ಲ. ಮೇಷ್ಟ್ರು ಎದ್ದು ನಿಲ್ಲು ಎಂದಾಗಲೆಲ್ಲ ನಾನು ನಮ್ಮ ಬೀದಿಯ ಹಾಗೆ ನಿಲ್ಲುತ್ತಿದ್ದೆ, ನಿಂತವಳು ಹಿಂದಿನ ಬೆಂಚಿನವರ ಮೇಲೆ ಬೀಳುತ್ತಿದ್ದೆ. ಅವರು ನನಗೆ ಸೊಟ್ಟಿ ಎಂದು ಹೆಸರಿಟ್ಟರು. ನಮ್ಮ ಬೀದಿಯ ಉಳಿದ ಮಕ್ಕಳು ಬಿದ್ದರೂ ನಗುತ್ತ ಏಳುತ್ತಿದ್ದರು. ನನಗೆ ನಗುವುದಕ್ಕೆ ಬರುತ್ತಿರಲಿಲ್ಲ. ಒಂದು ದಿನ ಕಂಬದ ತನಕ ಹೋದವಳು ಅಲ್ಲಿಂದಲೇ ವಾಪಸ್ಸು ಬಂದೆ. ಅಮ್ಮ, "ರಾಜಮಣಿ, ಯಾಕೆ ಬಂದುಬಿಟ್ಟೆ?" ಎಂದು ಕೇಳಿದಳು. ನಾನು ಹೇಳಲಿಲ್ಲ. ಎರಡನೇ ಸಲ ಅವಳು ಕೇಳಲಿಲ್ಲ.

ಜಯಕ್ಕ, ಅಂದರೆ ಜಯಶೀಲ, ನಮ್ಮ ದೊಡ್ಡಪ್ಪನ ಮಗಳು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನನಗೆ ಬಾರದ್ದೆಲ್ಲ ಅವಳಿಗೆ ಬರುತ್ತಿತ್ತು, ಮುಖ್ಯವಾಗಿ ಮಾತು. ಸಂತೆಯ ದಿನ ಅವಳ ಜೊತೆ ಚೀಲ ಹಿಡಿದುಕೊಂಡು ನಾನು ಹೋಗುತ್ತಿದ್ದೆ. ಕಂಬದ ಹತ್ತಿರ ಅವಳು ಬೇರೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ನಾನು ಗಮನಿಸಿದ್ದೆ. ಗುಡ್ಡದ ಬೀದಿಯ ಗೆಣಸಿನ ವ್ಯಾಪಾರಿ ಮರಿಸ್ವಾಮಿಯೂ ಅದೇ ಹೊತ್ತಿಗೆ ಮಂಕರಿ ಇಳಿಸಿ ಕಂಬ ಹಿಡಿಯುತ್ತಿದ್ದ. ಅವನು ಕೆರೆಯ ಕಡೆಗೆ ವಾಲಿ, ಅವಳು ಗುಡ್ಡದ ಕಡೆಗೆ ವಾಲಿ, ಕಾಲುಗಳ ನಡುವೆ ಒಂದು ಮಾರು ದೂರವಿದ್ದರೂ ಇಬ್ಬರ ತಲೆಗಳು ಹತ್ತಿರ ಹತ್ತಿರ ಬಂದಿರುತ್ತಿದ್ದವು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಭಾರ ಹಾಗಿದೆ.

"ಎಷ್ಟೊತ್ತು ಹಿಡ್ಕೊಂಡಿರ್ತೀರ? ಕಂಬ ನಿಮ್ಮಪ್ಪ ನೆಡ್ಸಿದ್ದಾ?" ಎನ್ನುತ್ತಿದ್ದ ಮರಿಸ್ವಾಮಿ.

"ಹೋದ ಸಂತೇಲಿ ನೀವು ಕೊಟ್ಟ ಗೆಣಸು ತಿಂದು ಹೊಟ್ಟೆ ಇನ್ನೂ ಜಾಗಕ್ಕೆ ಬಂದಿಲ್ಲ," ಎನ್ನುತ್ತಿದ್ದಳು ಜಯಕ್ಕ. "ನಾರು ತೆಗೆದು ಹಗ್ಗ ಹೊಸ್ಕೊಂಡ್ವಿ. ಎಮ್ಮೆ ಕಟ್ಟಿದೀವಿ."

"ಹಂಗಾದ್ರೆ ಎಮ್ಮೆಗೊಂದು ಕೊಡ್ತೀನಿ, ನಿಮಗೊಂದು ಕೊಡ್ತೀನಿ. ಬೇರೆ ಬೇರೆ ಗುಡ್ಡೆ ಮಾಡಿ ಇಟ್ಟಿವ್ನಿ."

ಬೇರೆಯಾಗಿ ಇಟ್ಟ ಗುಡ್ಡೆ ನಿಜವಾಗಿಯೂ ಇರುತ್ತಿತ್ತು. ಎಲ್ಲ ಒಂದೇ ಗಾತ್ರದವು, ಮಣ್ಣು ಒರೆಸಿದವು.

ಸ್ವಂತ ಬೀದಿಯಲ್ಲೆಲ್ಲ ಅಣ್ಣತಮ್ಮಂದಿರೇ ಆದ್ದರಿಂದ ನಮ್ಮಲ್ಲಿ ಹೆಣ್ಣನ್ನು ಬೇರೆ ಬೀದಿಗೇ ಕೊಡಬೇಕು, ಕೊಡುವ ಮುಂಚೆ ಕುಂಡ ಇಡಬೇಕು. ಹೆಣ್ಣಿನ ಮನೆಯಲ್ಲಿ ಮಣ್ಣಿನ ಕುಂಡಕ್ಕೆ ಒಂದೇ ಒಂದು ಅವರೆಕಾಳು ಹಾಕಿ ಕತ್ತಲಲ್ಲಿ ಇಟ್ಟರೆ ಮೊಳಕೆ ಆ ಮನೆಯ ಭಾರಕ್ಕೆ ತಕ್ಕಂತೆ ಏಳುತ್ತದೆ. ಕೆರೆ ಬೀದಿಯ ಮೊಳಕೆ ನಮ್ಮ ಹಾಗೆಯೇ ಗುಡ್ಡದ ಕಡೆಗೆ ವಾಲಿರುತ್ತದೆ. ಅದನ್ನು ಗಂಡಿನ ಮನೆಗೆ ಒಯ್ದು, ಸೆಗಣಿ ಮೆತ್ತಿದ ಮಂಕರಿಯನ್ನು ಮೇಲೆ ಬೋರಲು ಹಾಕಿ, ಒಂದು ಸಂತೆಯಿಂದ ಮುಂದಿನ ಸಂತೆಯ ತನಕ ಬಿಡುತ್ತಾರೆ. ಮಂಕರಿ ಎತ್ತಿದಾಗ ಮೊಳಕೆ ಆ ಮನೆಯ ಭಾರಕ್ಕೆ ಹೊಂದಿಕೊಂಡು ತಿರುಗಿ ನಿಂತಿದ್ದರೆ ಹುಡುಗಿಯೂ ನಿಲ್ಲುತ್ತಾಳೆ ಎಂದು ಅರ್ಥ. ತಿರುಗದಿದ್ದರೆ ಎಲೆ ಅಡಿಕೆ ವಾಪಸ್ಸು. ಬೆಳಕು ಮಾತ್ರ ಸೋಕಬಾರದು. ಬೆಳಕು ಕಂಡರೆ ಮೊಳಕೆ ಭಾರವನ್ನು ಮರೆತು ಅದರ ಹಿಂದೆ ಹೋಗುತ್ತದೆ, ಆಗ ಅದು ಯಾವ ಕಡೆಗೆ ನಿಂತರೂ ಲೆಕ್ಕಕ್ಕಿಲ್ಲ. ಬೆಳಕು ಬಿಟ್ಟವರು ಯಾರೇ ಆಗಲಿ, ಕುಂಡ ಕೆಟ್ಟದ್ದು ಹೆಣ್ಣಿನ ಹೆಸರಿಗೆ. ಮೂರು ಕುಂಡ ಕೆಟ್ಟವಳಿಗೆ ನಾಲ್ಕನೆಯದು ಇಡುವುದಿಲ್ಲ.

ಜಯಕ್ಕನವು ಎರಡು ಕೆಟ್ಟಿದ್ದವು. ಮೊದಲನೆಯದು ಬಾವಿ ಬೀದಿಯ ಮನೆಯೊಂದರಲ್ಲಿ. ಮಂಕರಿ ಎತ್ತಿದಾಗ ಮೊಳಕೆಯೇ ಇರಲಿಲ್ಲ, ಇಲಿ ಕಡಿದಿತ್ತು. ಇಲಿ ಗಂಡಿನ ಮನೆಯದೇ ಆದರೂ ಕುಂಡ ಅವಳದೇ ಎಂದಾಯಿತು. ಎರಡನೆಯದು ಕೋಟೆ ಬೀದಿಯಲ್ಲಿ ತಿರುಗದೆ ಹಾಗೇ ನಿಂತಿತ್ತು. ಆ ಹುಡುಗನನ್ನು ನೋಡಿದ್ದ ನನಗೆ ಮೊಳಕೆಯ ಬಗ್ಗೆ ಗೌರವ ಬಂದಿತ್ತು. ಈಗ ಮರಿಸ್ವಾಮಿಯ ಮನೆಯಿಂದಲೇ ಕೇಳಿಕೊಂಡು ಬಂದಿದ್ದರು. ಆ ಸುದ್ದಿ ಬಂದ ದಿನ ಜಯಕ್ಕ ಯಾರನ್ನೂ ಗೇಲಿ ಮಾಡಲಿಲ್ಲ. ಅವಳು ಗೇಲಿ ಮಾಡದೆ ಒಂದು ಇಡೀ ದಿನ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕುಂಡ ಕಾಯುವುದಕ್ಕೆ ಹೆಣ್ಣಿನ ಕಡೆಯ, ಮದುವೆಯಾಗದ ಒಬ್ಬಳು ಗಂಡಿನ ಮನೆಯಲ್ಲಿ ಇರಬೇಕು. ಕುಂಡ ಇಡುವುದು, ಎತ್ತುವುದು ಎಲ್ಲ ಚೌಡಜ್ಜಿಯ ಕೈಯಲ್ಲಿ. ಅವಳು ಕಂಬದ ಪಕ್ಕದ ಗುಡಿಸಲಿನಲ್ಲಿ ಇರುವುದರಿಂದ ಯಾವ ಬೀದಿಗೂ ಸೇರಿದವಳಲ್ಲ, ಊರಿನಲ್ಲಿ ನೆಟ್ಟಗೆ ನಿಲ್ಲುವವಳು ಅವಳೊಬ್ಬಳೇ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇವಳೇ ಸರಿ. ಬಾಯಿ ಇರೋರು ಕಾವಲಿಗೆ ಬ್ಯಾಡ, ಕುಂಡ ಎತ್ತೋದ್ರೊಳಗೆ ಊರಿಗೆಲ್ಲ ಹೇಳ್ಕೊಂಡು ಬತ್ತಾರೆ," ಎಂದಳು. ಹೀಗೆ ನಾನು ಗುಡ್ಡದ ಬೀದಿಗೆ, ಶಾಲೆ ಇದ್ದ ಅದೇ ಬೀದಿಗೆ, ಮತ್ತೆ ಹೋದೆ. ಹೊರಡುವಾಗ ಜಯಕ್ಕ ನನ್ನ ಜಡೆ ಹೆಣೆದಳು. ಬಿಗಿಯಾಗಿ ಎಳೆದು ಕಟ್ಟಿ, "ಚೆನ್ನಾಗಿ ನೋಡ್ಕೊ ರಾಜಿ," ಎಂದಷ್ಟೇ ಹೇಳಿದಳು.

ಮರಿಸ್ವಾಮಿಯ ಮನೆಯಲ್ಲಿ ತಾಯಿ ಮಗ ಇಬ್ಬರೇ. ತಾಯಿ ದೊಡ್ಡತಾಯಮ್ಮ ಎತ್ತರದ ಹೆಂಗಸು, ಯಾವಾಗಲೂ ಏನನ್ನಾದರೂ ಒರೆಸುತ್ತಿರುತ್ತಾಳೆ. ಮನೆಯ ತುಂಬ ಹಸಿಮಣ್ಣಿನ ವಾಸನೆ. ಒಂದು ಮೂಲೆಯಲ್ಲಿ ಗೆಣಸು, ಒಂದು ಮೂಲೆಯಲ್ಲಿ ಮೂಲಂಗಿ, ಮರಳಿನಲ್ಲಿ ಹೂತಿಟ್ಟ ಶುಂಠಿ. ಎಲ್ಲವೂ ಗುಡ್ಡದ ಕಡೆಯ ಗೋಡೆಗೆ ಒತ್ತಿಕೊಂಡಿದ್ದವು. ನಡುಮನೆಯಲ್ಲಿ ಕುಂಡ ಇಟ್ಟು ಮಂಕರಿ ಮುಚ್ಚಿದರು, ಪಕ್ಕದಲ್ಲಿ ನನಗೊಂದು ಚಾಪೆ ಹಾಕಿದರು. ದೊಡ್ಡತಾಯಮ್ಮ ನನಗೆ ಅರ್ಧ ಲೋಟ ನೀರು ಕೊಟ್ಟಳು. ಅದರಲ್ಲೂ ಅರ್ಧ ನನ್ನ ಲಂಗದ ಮೇಲೆ ಹೋಯಿತು. ಅವಳು ಮುಖ ತಿರುಗಿಸಿಕೊಂಡಳು, ಆಮೇಲೆ ಬಂದು ಒರೆಸಿದಳು.

ಮೊದಮೊದಲು ನಾನು ಗೋಡೆ ಹಿಡಿದೇ ನಡೆದೆ. ಮಲಗಿದರೆ ಚಾಪೆಯ ಮೇಲಿಂದ ಮೂಲಂಗಿಯ ಕಡೆಗೆ ಜಾರಿಹೋಗುತ್ತಿದ್ದೆ. ಉಂಡದ್ದು ಗಂಟಲಿನಲ್ಲೇ ನಿಲ್ಲುತ್ತಿತ್ತು. ಬೀದಿಯ ಆಚೆ ಶಾಲೆಯಿಂದ ಮಗ್ಗಿ ಹೇಳುವುದು ಕೇಳಿಸಿದಾಗಲೆಲ್ಲ ನನಗೆ ಗೊತ್ತಿಲ್ಲದೆಯೇ ಬೆನ್ನು ಕುಗ್ಗುತ್ತಿತ್ತು. ಆದರೆ ಕಾವಲಿನವಳು ಮನೆಗೆ ಹೋಗುವ ಹಾಗಿಲ್ಲ. ಶಾಲೆಗೆ ಬರುತ್ತಿದ್ದಾಗ ಬೆಳಿಗ್ಗೆ ಬಂದು ಸಂಜೆ ವಾಪಸ್ಸು ಹೋಗುತ್ತಿದ್ದೆ, ಮೈಗೆ ಇಲ್ಲಿಯದೋ ಅಲ್ಲಿಯದೋ ಎಂದು ತೀರ್ಮಾನ ಮಾಡುವುದಕ್ಕೆ ಪುರಸೊತ್ತೇ ಆಗುತ್ತಿರಲಿಲ್ಲ. ಈಗ ಅದಕ್ಕೆ ಬೇರೆ ದಾರಿ ಇರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ನಾನು ಮಲಗಿದ್ದ ಜಾಗದಲ್ಲೇ ಇದ್ದೆ. ಇನ್ನೊಂದು ಬೆಳಿಗ್ಗೆ ಬಚ್ಚಲಿಗೆ ಗೋಡೆ ಮುಟ್ಟದೆ ಹೋಗಿ ಬಂದೆ, ಬಂದ ಮೇಲೆಯೇ ಅದು ಹೊಳೆದದ್ದು. ದೊಡ್ಡತಾಯಮ್ಮ ಮಾತಿನ ನಡುವೆ ಕೈಗೆ ಲೋಟ ಕೊಟ್ಟಳು, ನಾನು ಕುಡಿದೆ. ಕುಡಿದು ಮುಗಿಯುವಾಗ ಅದು ಕಂಠಮಟ್ಟ ತುಂಬಿದ್ದ ಲೋಟ ಎಂದು ನನಗೆ ತಿಳಿಯಿತು. ಅವಳಿಗೆ ತಿಳಿಯಲಿಲ್ಲ, ಅವಳು ಕಿಟಕಿ ಒರೆಸುತ್ತಿದ್ದಳು.

ಮರಿಸ್ವಾಮಿ ನನ್ನನ್ನು ಮಾತಾಡಿಸಲು ನೋಡುತ್ತಿದ್ದ. "ನಿಮ್ಮಕ್ಕಂಗೆ ಗೆಣಸು ಸುಟ್ಟಿದ್ದು ಇಷ್ಟಾನೋ ಬೇಯ್ಸಿದ್ದು ಇಷ್ಟಾನೋ?" ಎಂದು ಕೇಳುತ್ತಿದ್ದ. ನಾನು "ಹ್ಞೂಂ" ಎನ್ನುತ್ತಿದ್ದೆ. "ಎರಡೂನಾ?" "ಹ್ಞೂಂ." "ಎಮ್ಮೆ ಹೆಂಗೈತೆ?" "ಹ್ಞೂಂ." ಇಷ್ಟರಲ್ಲೇ ಅವನಿಗೆ ಖುಷಿಯಾಗಿ ಒಂದು ಸುಟ್ಟ ಗೆಣಸು ಕೊಟ್ಟು ಹೋಗುತ್ತಿದ್ದ. ಒಳ್ಳೆಯವನೆಂದು ನನಗೂ ಅನ್ನಿಸಿತ್ತು.

ನಾನು ಊಟಕ್ಕೆ ಎದ್ದಾಗ ಕುಂಡದ ಹತ್ತಿರ ದೊಡ್ಡತಾಯಮ್ಮ ಕೂರಬೇಕೆಂದು ಕಟ್ಟಳೆ. ಅವಳು ಕೂತ ತಕ್ಷಣ ತೂಕಡಿಸುವವಳು. ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ತಟ್ಟೆಯ ಮುಂದೆ ಕೂತು ಬಾಗಿಲ ಸಂದಿಯಿಂದ ನೋಡಿದೆ. ತಾಯಿಯ ಗೊರಕೆ ಕೇಳುತ್ತಿತ್ತು. ಮರಿಸ್ವಾಮಿ ಮಂಡಿಯೂರಿ ಕೂತು, ಮಂಕರಿಯ ಅಂಚನ್ನು ಎರಡು ಬೆರಳಷ್ಟು ಎತ್ತಿ, ಬ್ಯಾಟರಿಯನ್ನು ಒಳಗೆ ತೂರಿಸಿ ಬೆಳಕು ಬಿಡುತ್ತಿದ್ದ. ಆಚಾರಿ ಬಾಗಿಲು ಕೂರಿಸುವಾಗಿನ ಹಾಗೆ ಅವನ ಮುಖದಲ್ಲಿ ತುಂಬ ಶ್ರದ್ಧೆ ಇತ್ತು. ಅವನು ಬೆಳಕು ಬಿಡುತ್ತಿದ್ದುದು ಗುಡ್ಡದ ಕಡೆಯಿಂದ.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮದುವೆ ಆಗಬೇಕಾದರೆ ಮೊಳಕೆ ಕೆರೆಯ ಕಡೆಗೆ ತಿರುಗಬೇಕು. ಗುಡ್ಡದ ಕಡೆಯಿಂದ ಬೆಳಕು ಬಿಟ್ಟರೆ ಅದು ಗುಡ್ಡದ ಕಡೆಗೇ, ನಮ್ಮ ಬೀದಿಯಲ್ಲಿ ನಿಂತ ಹಾಗೆಯೇ ನಿಲ್ಲುತ್ತದೆ. ಕಿಟಕಿಯಲ್ಲಿ ಇಟ್ಟ ಯಾವ ಗಿಡವನ್ನು ನೋಡಿದರೂ ಗೊತ್ತಾಗುವ ವಿಷಯ. ಹಾಗಾದರೆ ಅವನಿಗೆ ಜಯಕ್ಕ ಬೇಡ, ಬೇಡವೆಂದು ಬಾಯಿಬಿಟ್ಟು ಹೇಳುವ ಬದಲು ಕುಂಡದ ಕೈಲಿ ಹೇಳಿಸುತ್ತಿದ್ದಾನೆ ಎಂದುಕೊಂಡೆ. ಮರುದಿನವೂ ಅದೇ ಹೊತ್ತಿಗೆ ಬಂದ, ಅದರ ಮರುದಿನವೂ ಬಂದ. ನಾನು ಕೂಗಿದರೆ ಬೆಳಕು ಸೋಕಿದ ಕುಂಡ ಕೆಟ್ಟಿತು, ಜಯಕ್ಕನ ಮೂರನೆಯದು ಮುಗಿಯಿತು. ಕೂಗದಿದ್ದರೂ ಮೊಳಕೆ ತಿರುಗುವುದಿಲ್ಲ, ಆಗಲೂ ಮುಗಿಯಿತು. ಯಾವ ಕಡೆಯಿಂದ ನೋಡಿದರೂ ನನ್ನ ಬಾಯಿಂದ ಆಗುವ ಉಪಕಾರ ಏನೂ ಇರಲಿಲ್ಲ. ಅವನು ಕೊಟ್ಟ ಗೆಣಸನ್ನು ಮಾತ್ರ ನಾನು ಅವತ್ತಿನಿಂದ ತಿನ್ನಲಿಲ್ಲ, ಮೂಲಂಗಿಯ ಹಿಂದೆ ಒತ್ತಾಗಿ ಇಟ್ಟೆ.

ಸಂತೆಯ ದಿನ ಬಂತು. ದೊಡ್ಡಪ್ಪ ಹೊಸ ಪಂಚೆ ಉಟ್ಟು, ಕಂಬದ ಹತ್ತಿರ ಬಹಳ ಹೊತ್ತು ನಿಂತು ಬಂದಿದ್ದರೂ ಮರಿಸ್ವಾಮಿಯ ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದೇ ಇದ್ದರು. ಗುಡ್ಡದ ಬೀದಿಯ ನಾಲ್ಕು ಜನ ಹಿರಿಯರು ಬಂದಿದ್ದರು. ಚೌಡಜ್ಜಿ ಕುಂಡದ ಮುಂದೆ ಕೂತಳು. ದೊಡ್ಡತಾಯಮ್ಮ ನನ್ನ ಕೈಗೆ ತಟ್ಟೆ ಕೊಟ್ಟು ಎಲ್ಲರಿಗೂ ನೀರು ತರಲು ಹೇಳಿದಳು. ಮನೆಯವರಿಗೆ ತುಂಬಿದ ಲೋಟ, ದೊಡ್ಡಪ್ಪನಿಗೆ ಅರ್ಧ. ನಾನು ತಟ್ಟೆ ಹಿಡಿದು ಬರುವ ಹೊತ್ತಿಗೆ ಅಜ್ಜಿ ಮಂಕರಿ ಎತ್ತಿದಳು.

ಮೊಳಕೆ ಗುಡ್ಡದ ಕಡೆಗೆ ವಾಲಿತ್ತು. ವಾಲಿದ್ದಷ್ಟೇ ಅಲ್ಲ, ಎರಡು ಎಲೆಗಳನ್ನೂ ಆ ಕಡೆಗೇ ಚಾಚಿ, ಯಾರಿಂದಲೋ ಏನನ್ನೋ ಇಸಿದುಕೊಳ್ಳುವ ಹಾಗೆ ನಿಂತಿತ್ತು. ದೊಡ್ಡಪ್ಪ ಚೌಕಟ್ಟು ಬಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

"ಅದೆಂಗಾಯ್ತದೆ?" ಎಂದು ಮರಿಸ್ವಾಮಿ ಕೂಗಿದ. "ನಾನು ಗುಡ್ಡದ ಕಡೆಯಿಂದ್ಲೇ ಬಿಟ್ಟಿದ್ದು!"

ಚೌಡಜ್ಜಿ ನಿಧಾನವಾಗಿ ತಲೆಯೆತ್ತಿದಳು. "ಏನ್ಲಾ ಬಿಟ್ಟಿದ್ದು?"

"ಬ್ಯಾಟ್ರಿ."

"ಯಾಕ್ಲಾ ಬಿಟ್ಟೆ?"

"ಅದು ಕೆರೆ ಕಡೀಕೆ ತಿರುಗ್ಲಿ ಅಂತ," ಎಂದ ಮರಿಸ್ವಾಮಿ. ಅವನ ಕಣ್ಣುಗಳು ಒದ್ದೆಯಾಗಿದ್ದವು. "ಎರಡು ಕುಂಡ ಕೆಟ್ಟೋಗವೆ, ಇದೂ ಕೆಟ್ರೆ ಅವ್ಳು ನಮ್ಮನೆಗೆ ಬರಂಗಿಲ್ಲ ಅಂತ ಭಯ ಆಯ್ತು. ಗಾಜಿನ ಬಾಟ್ಲೀಲಿ ಮೂಲಂಗಿ ಬೀಜ ಮೊಳೆಸಿ ಕಿಟಕೀಲಿ ಇಟ್ಟು ನೋಡಿವ್ನಿ ಅಜ್ಜಿ. ಬೆಳಕು ಕಂಡ್ರೆ ಬೆನ್ನು ತಿರುಗಿಸ್ಕೊಂಡು ಆಚೆ ಕಡೀಕೆ ಓಡ್ತವೆ. ಅದಕ್ಕೇ ಗುಡ್ಡದ ಕಡೆಯಿಂದ ಬಿಟ್ಟು ಕೆರೆ ಕಡೀಕೆ ಓಡಿಸಾಣ ಅಂತ..."

"ಅದು ಬೇರು ಕಣ್ಲಾ!" ಎಂದಳು ಚೌಡಜ್ಜಿ. "ಬೆಳಕು ಕಂಡು ಓಡೋದು ಬೇರು. ಚಿಗುರು ಬೆಳಕಿನ ಹಿಂದ್ಲೇ ಹೋಯ್ತದೆ. ಬಾಟ್ಲಿ ಮೇಲಗಡೆ ಏನಿತ್ತು ಅಂತ ನೋಡ್ಲಿಲ್ವ?"

"ಮೇಲಿಂದು ಯಾರು ನೋಡ್ತಾರಜ್ಜಿ? ಮಾರಾಟ ಆಗೋದು ಕೆಳಗಿಂದು."

ಹಿರಿಯರಲ್ಲೊಬ್ಬರು ನಕ್ಕುಬಿಟ್ಟರು, ಆಮೇಲೆ ಕೆಮ್ಮಿದರು. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಮೂಲಂಗಿಯ ಹಿಂದೆ ಇಟ್ಟ ಗೆಣಸುಗಳು ನೆನಪಾಗಿ ಯಾಕೋ ಹಸಿವಾಯಿತು.

ನಗು ಬಾರದೆ ಇದ್ದದ್ದು ದೊಡ್ಡತಾಯಮ್ಮನಿಗೆ. ಮಗ ಹತ್ತು ಜನರ ಮುಂದೆ ಹೀಗೆ ಮಾಡಿಕೊಂಡದ್ದು ಅವಳಿಗೆ ಒರೆಸಿ ಹಾಕುವಂಥದ್ದಾಗಿರಲಿಲ್ಲ. "ಬೆಳಕು ಬಿದ್ದ ಮ್ಯಾಲೆ ಕುಂಡ ಕೆಟ್ಟಂಗೇ. ಅದು ಹೆಣ್ಣಿನ ಲೆಕ್ಕಕ್ಕೇ, ನಾನು ಮಾಡಿದ್ದಲ್ಲ ಕಟ್ಟಳೆ," ಎಂದಳು. ಆಮೇಲೆ ಅವಳ ಕಣ್ಣು ನನ್ನ ತಟ್ಟೆಯ ಮೇಲೆ ಬಿತ್ತು. ಅಲ್ಲಿಂದ ನನ್ನ ಕಾಲಿಗೆ, ಕಾಲಿನಿಂದ ತಲೆಗೆ ಹೋಯಿತು. "ಮೊಳಕೆ ಯಾಕ್ ಬೇಕು, ಇಲ್ಲಿ ನೋಡ್ರಪ್ಪ. ಈ ಹುಡುಗಿ ನಿಂತವ್ಳೆ. ಅದೇ ಬೀದಿ, ಅದೇ ಮನೆತನ. ತುಂಬಿದ ಲೋಟ ಒಂದು ತೊಟ್ಟು ಚೆಲ್ಲಿಲ್ಲ. ಎಲೆ ಅಡ್ಕೆ ಇವ್ಳಿಗೇ ಕೊಟ್ಬುಡಾನ."

ಎಲ್ಲರೂ ನನ್ನನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ನಾನು ಕೆರೆಯ ಕಡೆಗೆ ವಾಲಿ, ಗುಡ್ಡದ ಬೀದಿಯವರ ಹಾಗೆಯೇ ನಿಂತಿದ್ದೆ. ತಟ್ಟೆಯಲ್ಲಿ ನೀರು ಲೋಟಗಳ ಅಂಚಿನ ತನಕ ಬಂದು ಅಲುಗದೆ ನಿಂತಿತ್ತು. ನಿಂತವ್ಳೆ ಎಂದು ನನ್ನ ಬಗ್ಗೆ ಆ ಬೀದಿಯಲ್ಲಿ ಒಬ್ಬರು ಹೇಳಿದರು. ಆ ಮಾತು ಹಿತವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಿಟಕಿಯ ಆಚೆ ಶಾಲೆಯ ಗೋಡೆ ಕಾಣುತ್ತಿತ್ತು. ಅದೂ ಕೇಳಿಸಿಕೊಂಡಿರಲಿ ಎನ್ನಿಸಿತು. ಮರಿಸ್ವಾಮಿ ನನ್ನನ್ನು ನೋಡಲಿಲ್ಲ, ಕುಂಡವನ್ನೇ ನೋಡುತ್ತಿದ್ದ. ಒಬ್ಬ ಮಗಳಿಗಲ್ಲದಿದ್ದರೆ ಇನ್ನೊಬ್ಬಳಿಗೆ ಎಂಬ ಲೆಕ್ಕ ದೊಡ್ಡಪ್ಪನ ಮುಖದಲ್ಲಿ ನಡೆಯುತ್ತಿತ್ತು, ಆ ಲೆಕ್ಕಕ್ಕೆ ಅವರಿಗೇ ನಾಚಿಕೆಯೂ ಆಗುತ್ತಿತ್ತು. ನಾನು ಬೇಡ ಎನ್ನಬೇಕಾಗಿತ್ತು. ಆ ಮಾತು ನನ್ನ ಗಂಟಲಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಆದ್ದರಿಂದ ನಾನು ಗುಡ್ಡದ ಕಡೆಗೆ ವಾಲಿದೆ. ನಮ್ಮ ಮನೆಯಲ್ಲಿ ನಿಲ್ಲುವ ಹಾಗೆ, ಜಯಕ್ಕ ಕಂಬದ ಹತ್ತಿರ ನಿಲ್ಲುವ ಹಾಗೆ. ಮೈ ಒಪ್ಪಲಿಲ್ಲ, ಒತ್ತಾಯ ಮಾಡಿ ವಾಲಿಸಿದೆ. ತಟ್ಟೆ ಜಾರಿತು. ಲೋಟಗಳು ಒಂದರ ಹಿಂದೆ ಒಂದು ಹೋದವು. ನೀರೆಲ್ಲ ಚೌಡಜ್ಜಿಯ ಮಡಿಲಿಗೆ ಬಿತ್ತು, ನಾನು ಅದರ ಪಕ್ಕದಲ್ಲಿ ಬಿದ್ದೆ.

"ನಿಂತವ್ಳೆ ಅಂದ್ಯಲ್ಲವ್ವ, ನೋಡು ಹೆಂಗೆ ನಿಂತವ್ಳೆ!" ಎಂದು ಅಜ್ಜಿ ಸೀರೆ ಕೊಡವಿಕೊಂಡು ಎದ್ದಳು. ದೊಡ್ಡತಾಯಮ್ಮ ಬಟ್ಟೆ ತರಲು ಓಡಿದಳು. ಅಜ್ಜಿಗೆ ಸಿಟ್ಟು ಬಂದಿತ್ತು. "ಬ್ಯಾಟ್ರಿ ಅಂತೆ, ಮೂಲಂಗಿ ಅಂತೆ, ಈ ಮನೆ ಸಾವಾಸ ಸಾಕು," ಎಂದು ಕುಂಡಕ್ಕೆ ಕೈಹಾಕಿ ಮೊಳಕೆಯನ್ನು ಬುಡಸಮೇತ ಕಿತ್ತು ಬೀದಿಗೆ ಎಸೆಯಲು ಹೊರಟಳು. ಎಸೆಯುವ ಮುಂಚೆ ಮಣ್ಣು ಕೊಡವಿದಳು. ಕೊಡವಿದವಳು ಹಾಗೇ ನಿಂತಳು.

ಬೇರು ಕೂಡ ಬಾಗಿತ್ತು. ಕಾಳಿನಿಂದ ಹೊರಟು ಮೊದಲು ಸ್ವಲ್ಪ ದೂರ ಕೆರೆಯ ಕಡೆಗೆ, ನಮ್ಮ ಬೀದಿಯ ಭಾರದ ಕಡೆಗೆ ಹೋಗಿತ್ತು. ಆಮೇಲೆ ಮೊಣಕೈಯ ಹಾಗೆ ಮಡಿಚಿಕೊಂಡು ಗುಡ್ಡದ ಕಡೆಗೆ ತಿರುಗಿ ಇಳಿದಿತ್ತು. ಮಣ್ಣಿನೊಳಗೆ ಬ್ಯಾಟರಿಯ ಬೆಳಕು ಹೋಗಿರಲಿಲ್ಲ.

"ಬೇರು ಈ ಮನೇದು," ಎಂದು ದೊಡ್ಡಪ್ಪ ಹೊಸ್ತಿಲಿನಿಂದ ಎದ್ದರು.

"ಕಟ್ಟಳೇಲಿ ಹೇಳಿರೋದು ಚಿಗುರು. ಬೇರು ಯಾರು ಕೇಳಿದ್ರು?" ಎಂದಳು ದೊಡ್ಡತಾಯಮ್ಮ, ಅಜ್ಜಿಯ ಸೀರೆ ಒರೆಸುತ್ತ.

"ಯಾರೂ ಕೇಳಿಲ್ಲ, ಯಾಕಂದ್ರೆ ಯಾರೂ ಕಿತ್ತು ನೋಡಿಲ್ಲ," ಎಂದಳು ಚೌಡಜ್ಜಿ. ಅವಳು ಮೊಳಕೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. "ಹುಡುಗಿ ಪಾಲಿಂದು ಹುಡುಗಿ ಮಾಡವ್ಳೆ. ಬೇರು ಬಂದೈತೆ. ಚಿಗುರು ಸೊಟ್ಟ ಮಾಡ್ದೋನು ನಿನ್ನ ಮಗ. ಸೊಟ್ಟ ಮಾಡ್ದೋನು ತಾನೇ ಹೋಗಿ ನೆಟ್ಟಗಾಗ್ಲಿ. ಈ ಸಂತೆಯಿಂದ ಮುಂದಿನ ಸಂತೆಗಂಟ ಅವ್ರ ಮನೇಲಿ ಕೂತ್ಕೊಳ್ಳಿ. ನಿಂತ್ರೆ ಮದುವೆ. ಬಿದ್ರೆ, ಕುಂಡ ಮೂರೂ ಕೆಟ್ಟಂಗೇ."

"ಗಂಡಸ್ನ ಕುಂಡ ಇಡೋದಾ?" ಎಂದರು ಹಿರಿಯರೊಬ್ಬರು.

"ಮಂಕರಿ ಮುಚ್ಚಲ್ಲ ಬುಡು," ಎಂದಳು ಅಜ್ಜಿ.

ಹೀಗೆ ಮರಿಸ್ವಾಮಿ ನಮ್ಮ ಬೀದಿಗೆ ಬಂದ. ಕಾವಲಿಗೆ ಮತ್ತೆ ನನ್ನನ್ನೇ ಇಟ್ಟರು. ನಾನು ಮನೆಗೆ ಬಂದ ದಿನ ಅಮ್ಮ ನನಗೆ ಅರ್ಧ ಲೋಟ ನೀರು ಕೊಟ್ಟಳು. ಯಾಕೆ ಎಂದು ನೋಡಿದರೆ ನಾನು ಗೋಡೆ ಹಿಡಿದು ನಿಂತಿದ್ದೆ. ದೊಡ್ಡಪ್ಪನ ಮನೆಯ ನಡುಮನೆಯಲ್ಲಿ ಮರಿಸ್ವಾಮಿಗೆ ಚಾಪೆ ಹಾಕಿದರು. ಕಿಟಕಿಗಳನ್ನು ಮುಚ್ಚಿಸಿದ ಚೌಡಜ್ಜಿ ಜಯಕ್ಕನಿಗೆ, "ನೀನು ಅವನ ಕಣ್ಣಿಗೂ ಬೀಳ್ಬ್ಯಾಡ, ಮಾತೂ ಆಡ್ಬ್ಯಾಡ," ಎಂದು ಹೇಳಿ ಹೋದಳು. ಜಯಕ್ಕ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಪಾತ್ರೆಗಳಿಗೆ ಬೈದಳು. "ಎಷ್ಟು ಉಜ್ಜಿದ್ರೂ ಇದಕ್ಕೆ ಬುದ್ಧಿ ಬರಲ್ಲ. ಬ್ಯಾಟ್ರಿ ಹಾಕಿ ನೋಡ್ಬೇಕು." ಪಾತ್ರೆಗಳನ್ನು ಅವಳು ಅಷ್ಟು ಜೋರಾಗಿ ಯಾವತ್ತೂ ಬೈದಿರಲಿಲ್ಲ. ಇತ್ತ ಮರಿಸ್ವಾಮಿ ತಲೆ ಸುತ್ತಿ, ಅನ್ನ ಸೇರದೆ, ಎದ್ದರೆ ಬಿದ್ದು, ಬಿದ್ದಲ್ಲಿಂದ ಹಿತ್ತಿಲ ಬಾಗಿಲ ತನಕ ಜಾರಿಹೋಗುತ್ತಿದ್ದ. ಬಿದ್ದಾಗಲೂ ಮುಖದಲ್ಲಿ ನಗುವಿರುತ್ತಿತ್ತು. ಶಾಲೆಯಲ್ಲಿ ನನಗೆ ಬಾರದಿದ್ದುದು ಅದೇ.

ಸಂತೆಗೆ ಸ್ವಲ್ಪ ಮುಂಚೆ ಚೌಡಜ್ಜಿ ನೋಡಿಹೋಗಲು ಬಂದಳು. ಬಾಗಿಲಲ್ಲಿ ನಿಂತು ನಾಲಿಗೆ ಲೊಚಗುಟ್ಟಿದಳು. "ಕೆರೆ ಕಡೀಕೇ ವಾಲ್ತಾವ್ನೆ. ಇನ್ನೂ ಅವನ ಬೀದಿ ಬಿಟ್ಟಿಲ್ಲ. ಕಷ್ಟ ಕಣಮ್ಮಿ," ಎಂದು ನನಗೆ ಹೇಳಿ ಹೋದಳು. ಅಡಿಗೆಮನೆಯೊಳಗೆ ಪಾತ್ರೆಯ ಸದ್ದು ನಿಂತಿತು. ಅವತ್ತು ಜಯಕ್ಕನಿಗೆ ಊಟ ಸೇರಲಿಲ್ಲ.

ನಾನು ಕೂತು ನೋಡಿದೆ. ನೋಡುವುದೊಂದು ನನಗೆ ಬರುತ್ತದೆ. ಮರಿಸ್ವಾಮಿ ಕೆರೆಯ ಕಡೆಗೆ ವಾಲುತ್ತಿದ್ದುದು ನಿಜ. ಆದರೆ ಜಯಕ್ಕ ನೀರಿಗೆ ಹೋದಾಗ ಅವನು ಯಾವ ಕಡೆಗೂ ವಾಲದೆ ಎಲ್ಲ ಕಡೆಗೂ ತೂರಾಡುತ್ತಿದ್ದ. ಅವಳು ಮರಳಿ ಬಂದು ಪಾತ್ರೆಗೆ ಬೈದ ತಕ್ಷಣ ಅವನ ಕತ್ತು, ಹೆಗಲು, ಆಮೇಲೆ ಇಡೀ ಮೈ ಆ ಕಡೆಗೆ ತಿರುಗುತ್ತಿತ್ತು. ದೊಡ್ಡಪ್ಪನ ಮನೆಯಲ್ಲಿ ಅಡಿಗೆಮನೆ ಇರುವುದು ಕೆರೆಯ ಕಡೆಗೆ.

ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಗೆ ಹೋಗಿ ಜಯಕ್ಕನ ಕೈಗೆ ಮೊರ ಕೊಟ್ಟೆ. "ಜಯಕ್ಕ, ನೀನು ಹೋಗಿ ಮುಂದಿನ ಜಗಲಿ ಮೇಲೆ ಕೂತ್ಕೊಂಡು ರಾಗಿ ಕೇರು."

"ಒಲೆ ಮೇಲೆ ಸಾರೈತೆ."

"ಸಾರು ನಾನು ನೋಡ್ಕೊತೀನಿ. ಕೋಳಿಗಳು ಬಂದ್ರೆ ಬೈಯಿ. ಜೋರಾಗಿ ಬೈಯಿ. ಬೈಯ್ತಾನೇ ಇರು."

ಜಯಕ್ಕ ನನ್ನ ಮುಖ ನೋಡಿದಳು. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಜಗಲಿ ಎಂದರೆ ಗುಡ್ಡದ ಕಡೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಜಡೆ ಒಂದು ಸಲ ಎಳೆದು ಮೊರ ತೆಗೆದುಕೊಂಡು ಹೋದಳು. ಹೋಗುವಾಗ ಹಿತ್ತಿಲಿನಿಂದ ಸುತ್ತಿಕೊಂಡು ಹೋದಳು, ಅವನ ಕಣ್ಣಿಗೆ ಬೀಳಬಾರದೆಂದು ಕಟ್ಟಳೆ ಇದೆಯಲ್ಲ. ನಾನು ಮುಂಬಾಗಿಲನ್ನೂ ಎಳೆದು ಹಾಕಿದೆ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಮೊರದ ಸದ್ದು ಎದ್ದಿತು. ಊರಿನ ಕೋಳಿಗಳ ವಂಶವನ್ನೆಲ್ಲ ಜಯಕ್ಕ ಹೆಸರು ಹಿಡಿದು ಬೈಯತೊಡಗಿದಳು. ಮರಿಸ್ವಾಮಿಯ ಕತ್ತು ನಿಧಾನವಾಗಿ ತಿರುಗಿತು. ಸಂಜೆಯ ಹೊತ್ತಿಗೆ ಹೆಗಲೂ ತಿರುಗಿತ್ತು. ಅವತ್ತಿನಿಂದ ಸಾರನ್ನು ನಾನೇ ಮಾಡಿದೆ. ಎರಡು ಸಲ ಉಪ್ಪು ಹೆಚ್ಚಾಯಿತು. ಕೇರಿದ ರಾಗಿಯನ್ನೇ ಜಯಕ್ಕ ಮತ್ತೆ ಮತ್ತೆ ಕೇರಿದಳು.

ಸಂತೆಯ ದಿನ ಚೌಡಜ್ಜಿ ದೊಡ್ಡತಾಯಮ್ಮನನ್ನು ಕರೆದುಕೊಂಡು ಬಂದಳು. ದೊಡ್ಡತಾಯಮ್ಮ ಚೌಕಟ್ಟು ಹಿಡಿದು ನಿಂತಳು, ಆಗಲೂ ಇನ್ನೊಂದು ಕೈಯಿಂದ ಚೌಕಟ್ಟಿನ ಧೂಳು ಒರೆಸುತ್ತಿದ್ದಳು. ನಾನು ಒಂದು ಲೋಟಕ್ಕೆ ನೀರು ಹುಯ್ದೆ. ಅರ್ಧಕ್ಕೆ ನಿಲ್ಲಿಸದೆ ಕಂಠದ ತನಕ, ಇನ್ನೊಂದು ಹನಿ ಹಿಡಿಯದಷ್ಟು ಹುಯ್ದು ಮರಿಸ್ವಾಮಿಯ ಕೈಗೆ ಕೊಟ್ಟೆ. ಅವನು ಚಾಪೆಯಿಂದ ಎದ್ದ. ಗುಡ್ಡದ ಕಡೆಗೆ ವಾಲಿ, ನಮ್ಮ ದೊಡ್ಡಪ್ಪ ನಿಂತ ಹಾಗೆಯೇ ನಿಂತ.

ಚೌಡಜ್ಜಿ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು, ಸಂದಿಗಳಿಗೆ ಬೆರಳು ಹಾಕಿ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು. "ಎಲ್ಲ ಮುಚ್ಚಿತ್ತೇನಮ್ಮಿ?"

"ಮುಚ್ಚಿತ್ತು ಅಜ್ಜಿ."

"ಬೆಳಕು?"

"ಒಂಚೂರೂ ಬಿಟ್ಟಿಲ್ಲ ಅಜ್ಜಿ."

ಜಗಲಿಯ ಮೇಲೆ ಮೊರದ ಸದ್ದು ನಿಂತಿತು. ಕೋಳಿಗಳನ್ನು ಬೈಯುವುದನ್ನೂ ಜಯಕ್ಕ ನಿಲ್ಲಿಸಿದ್ದಳು. ಮರಿಸ್ವಾಮಿ ಆ ಗೋಡೆಯ ಕಡೆಗೇ ಮುಖ ಮಾಡಿ, ಉಸಿರು ಹಿಡಿದು ಕಾಯುತ್ತಿದ್ದ. ನೀರು ಲೋಟದ ಅಂಚಿಗೆ ಬಂದು ಉಬ್ಬಿ ನಿಂತಿತು, ಚೆಲ್ಲಲಿಲ್ಲ. ಚೌಡಜ್ಜಿ ಅವನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕೈಯಿಂದ ಲೋಟ ಇಸಿದುಕೊಂಡು ತಾನೇ ಅಷ್ಟೂ ನೀರನ್ನು ಕುಡಿದು, "ಭಾರವೇ, ಬೆಳಕಲ್ಲ," ಎಂದು ಹೇಳಿ, ಎಲೆ ಅಡಿಕೆಗೆ ಕೈ ಚಾಚಿದಳು.